ಆ ರೈಲನ್ನು ಕಥೆಯಿಂದ ಇಳಿಸಿ

ನಮಸ್ಕಾರ. ಚೆಕ್ ರೈತ ಕುಟುಂಬವೊಂದು ಮನೆಮಠ ಕಳೆದುಕೊಳ್ಳುವ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಆದರೆ ನೋಟಿಸು ಕೈಗೆ ಬಂದ ಮೇಲೂ ಆಲೂಗಡ್ಡೆ ಅಗೆಯುವ ಹೆಂಗಸು ಹಿಡಿದ ಸಾಲು ಮುಗಿಸಿಯೇ ಏಳುತ್ತಾಳಲ್ಲ, ಆ ಒಂದು ಪ್ಯಾರಾಕ್ಕಾಗಿ ಈ ಪತ್ರ.

ಸಣ್ಣ ತಪ್ಪು ಮೊದಲು. ಕಥೆ ನಡೆಯುವುದು 1942ರ ಅಕ್ಟೋಬರಿನಲ್ಲಿ, ಪ್ರಾಗ್‌ನ ದಕ್ಷಿಣಕ್ಕಿರುವ ನೆವೆಕ್ಲೊವ್ ಊರಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಚೆಕ್ ನೆಲವನ್ನು ಆಳುತ್ತಿದ್ದ ನಾಜಿ ಅಧಿಕಾರಿ ಹೈಡ್ರಿಖ್ ಬಂದು ಗುಡುಗುತ್ತಾನೆ. ಪ್ರಾಗ್‌ನಲ್ಲಿ ಅವನ ಮೇಲೆ ದಾಳಿಯಾದದ್ದು ಮೇ 27ಕ್ಕೆ, ಸತ್ತದ್ದು ಜೂನ್ 4ಕ್ಕೆ. ಸತ್ತವನಿಂದ ಭಾಷಣ ಮಾಡಿಸಿದ್ದೀರಿ! ಹೋಗಲಿ, ಇದು ಒಂದು ಗೆರೆ ಹೊಡೆದರೆ ಮುಗಿಯುತ್ತದೆ.

ಆ ಕುಟುಂಬವನ್ನು ಶಿಬಿರಕ್ಕೆ ಒಯ್ಯುವ ರೈಲು ಹಾಗೆ ಮುಗಿಯುವುದಿಲ್ಲ. ದನ ಸಾಗಿಸುವ ಬೋಗಿ, ಮುಳ್ಳುತಂತಿಯ ಶಿಬಿರ ಎಲ್ಲ ನೀವು ಯೆಹೂದಿಗಳ ಕಥನಗಳಿಂದ ಎತ್ತಿ ತಂದದ್ದು. ಇಲ್ಲಿ ಅಂಟಿಸಿದರೆ ಇಬ್ಬರ ದುಃಖಕ್ಕೂ ಅನ್ಯಾಯ. ವಲ್ತಾವಾ, ಸಾಜವಾ ನದಿಗಳ ನಡುವಿನ ಈ ನೆಲ ನಾಜಿಗಳ ಎಸ್‌ಎಸ್ ಪಡೆಗೆ ಯುದ್ಧತಾಲೀಮಿಗೆ ಬೇಕಿತ್ತು. 1942ರಿಂದ 1944ರ ತನಕ ಸುಮಾರು 30,000 ಜನರನ್ನು ಹಂತಹಂತವಾಗಿ ಖಾಲಿ ಮಾಡಿಸಿದರು. ಒಂದು ಕಾಗದ, ಅದರಲ್ಲೊಂದು ಗಡುವು. ಮುಂದಿನ ಸೂರು ತಾವೇ ಹುಡುಕಿಕೊಳ್ಳಬೇಕು. ನಿಮ್ಮ ರೈತ ತಂಗಿಯ ಗಂಡನ ಮನೆಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಲ್ಲಲಿ. ಆ ಭಾವ ಒಳಗೆ ಕರೆಯಲು ಅರೆಕ್ಷಣ ತಡಮಾಡಲಿ. ನನಗೆ ಹತ್ತು ರೈಲಿಗಿಂತ ಆ ಅರೆಕ್ಷಣ ಬೇಕು.

ಇನ್ನೊಂದು ಸಂಗತಿ ನಿಮ್ಮ ಕಣ್ಣು ತಪ್ಪಿಸಿದೆ. ಕಿತ್ತುಕೊಂಡ ಹೊಲಗಳನ್ನು ಎಸ್‌ಎಸ್ ತನ್ನ ದೊಡ್ಡ ಜಮೀನುಗಳಾಗಿ ಕೂಡಿಸಿತು. ದುಡಿಯಲು ಅಲ್ಲಿನವರನ್ನೇ ಕೆಲವರನ್ನು ಉಳಿಸಿಕೊಂಡಿತು. ತನ್ನದಾಗಿದ್ದ ಹೊಲದಲ್ಲಿ ಕೂಲಿಗೆ ನಿಂತವನು ನೇಗಿಲ ಸಾಲು ನೇರ ಹೊಡೆಯುತ್ತಾನೋ, ಬೇಕೆಂದೇ ಸೊಟ್ಟ ಹೊಡೆಯುತ್ತಾನೋ? ಕಥೆ ಇರುವುದು ಅಲ್ಲೇ ಎಂದು ನನ್ನ ಗುಮಾನಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಸ್ಥಳಾಂತರ’ ನೋಟಿಸಿನಲ್ಲಿರಲಿ, ರೈತನ ಬಾಯಲ್ಲಿ ಬೇಡ. ‘ನಮ್ಮನ್ನು ಒಕ್ಕಲೆಬ್ಬಿಸಿದರು’ ಎನ್ನುವ ಮಾತು ಕನ್ನಡದಲ್ಲಿರುವಾಗ ಕಚೇರಿಯ ಪದ ಯಾಕೆ?

ಕೊನೆಯಲ್ಲಿ 1945ರ ಮೇ ತಿಂಗಳು, ಬಿಟ್ಟುಹೋದ ಮನೆ ಬಿಟ್ಟಂತೆಯೇ ಇದೆ, ಗಡಿಯಾರವೂ ನಡೆಯುತ್ತಿದೆ. ಕೀಲಿ ಕೊಟ್ಟವರು ಯಾರು ಸ್ವಾಮಿ? ಮರಳಿದವರನ್ನು ಕಾದಿದ್ದದ್ದು ಹಾಳುಬಿದ್ದ ಮನೆಗಳು, ಗುಂಡು ಹುಗಿದ ಹೊಲಗಳು.

ಹದಿನಾಲ್ಕು ಪುಟವನ್ನು ಎಂಟಕ್ಕಿಳಿಸಿ ಕಳಿಸಿ. ಸಾಲು ಮುಗಿಸುವ ಹೆಂಗಸನ್ನು ಮಾತ್ರ ಮುಟ್ಟಬೇಡಿ.