‘ನೀವು’ ಹೋಗಿ ‘ನೀನು’ ಬರುವ ಹೊತ್ತು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರಲ್ಲಿ ಮುಖ್ಯವಾದದ್ದು ಇಷ್ಟು:

“ನಾನು ರಿಟೈರ್ ಆದ ಕನ್ನಡ ಟೀಚರ್. ಮಳೆಗಾಲದಲ್ಲಿ ಮನೆಗೆ ಬಂದಿದ್ದ ಮಗಳು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಅನ್ನೋ ಕೊರಿಯಾದ ಸೀರಿಯಲ್ ಹಾಕಿಕೊಟ್ಟು ಹೋದಳು. ಹದಿನಾರು ಎಪಿಸೋಡನ್ನೂ ಒಂಬತ್ತೇ ದಿನದಲ್ಲಿ ಮುಗಿಸಿದೆ. ನಮ್ಮ ನಾದಿನಿ ಮಾತ್ರ ಎರಡು ಎಪಿಸೋಡ್ ನೋಡಿ, ಎಲ್ಲಾ ಒಂದೇ ಥರ, ಬರೀ ದುಡ್ಡಿದ್ದವರ ಕಥೆ ಅಂತ ಎದ್ದು ಹೋದಳು. ಭಾಷೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೂ ಅವರು ನಮ್ಮವರೇ ಅಂತ ಯಾಕೆ ಅನ್ನಿಸಿತು? ನಾನು ಮುಂದೆ ಏನು ನೋಡಲಿ? ನಾದಿನಿಗೆ ಏನು ತೋರಿಸಲಿ?” ಕೊನೆಯಲ್ಲಿ ‘ನಿಮ್ಮ ಅಕ್ಕ ಅಂದುಕೊಳ್ಳಿ’ ಅಂತ ಬರೆದು ಸಹಿ ಮಾಡಿದ್ದಾರೆ.

ಅಕ್ಕಾ, ನಮಸ್ಕಾರ.

ನಿಮ್ಮ ಕಾಗದ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಗಿ ನನ್ನ ಮೇಜಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಇಲ್ಲಿ ಈ ಸೀರಿಯಲ್‌ಗಳನ್ನು ನೋಡುವವರು ನಾಲ್ಕು ಜನ ಇದ್ದೇವೆ. ಮಧ್ಯಾಹ್ನದ ಊಟದ ಹೊತ್ತು ಪೂರ್ತಿ ನಿಮಗೆ ಏನು ಹೇಳಬೇಕು ಅನ್ನೋದೇ ಮಾತಾಯಿತು. ಹಾಗಾಗಿ ಈ ತಿಂಗಳು ಬೇರೆ ಕಾಗದಗಳನ್ನು ಪಕ್ಕಕ್ಕಿಟ್ಟು ನಿಮಗೊಬ್ಬರಿಗೇ ಉತ್ತರ ಬರೆಯುತ್ತಿದ್ದೇನೆ.

ನಾಲ್ಕನೇ ಎಪಿಸೋಡಿನ ಮೇಣದಬತ್ತಿ ಮನಸ್ಸಿನಿಂದ ಹೋಗುತ್ತಿಲ್ಲ ಅಂತ ಬರೆದಿದ್ದೀರಿ. ನೋಡದೇ ಇರುವವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಯೂನ್ ಸೆ ರಿ ಸಿಯೋಲ್ ನಗರದ ದೊಡ್ಡ ಕಂಪನಿಯ ಒಡತಿ. ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಗಡಿಯಾಚೆ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅಲ್ಲಿನ ಸೇನೆಯ ಕ್ಯಾಪ್ಟನ್ ರಿ ಜಂಗ್ ಹ್ಯೋಕ್ ಅವಳನ್ನು ತನ್ನ ಮನೆಯಲ್ಲಿ ಬಚ್ಚಿಡುತ್ತಾನೆ. ಕರೆಂಟ್ ಹೋಗುತ್ತಲೇ ಇರುವ ಊರು. ಪರಿಮಳದ ಮೇಣದಬತ್ತಿ ಬೇಕು ಅಂತ ಅವಳು ಕೇಳಿದರೆ ಅವನು ಮಾಮೂಲಿ ಬತ್ತಿ ತಂದುಕೊಡುತ್ತಾನೆ. ಆಮೇಲೆ ಒಂದು ಸಂಜೆ ಸಂತೆಯಲ್ಲಿ ಕತ್ತಲಾಗಿ ಅವಳು ದಾರಿ ತಪ್ಪುತ್ತಾಳೆ. ಜನರ ತಲೆಗಳ ಮಧ್ಯೆ ಒಂದು ದೀಪ ಮೇಲೆದ್ದು ಕಾಣುತ್ತದೆ. ಅವನು ಉರಿಯುವ ಬತ್ತಿಯನ್ನು ಎತ್ತಿ ಹಿಡಿದು ನಿಂತಿದ್ದಾನೆ. ಈ ಸಲದ್ದು ಪರಿಮಳದ್ದೇ, ಸರಿ ತಾನೇ ಅಂತ ಕೇಳುತ್ತಾನೆ.

ಅಷ್ಟೇ. ‘ಪ್ರೀತಿಸುತ್ತೇನೆ’ ಅನ್ನೋ ಮಾತೇ ಇಲ್ಲ. ಕಾಫಿ ಕುಡಿದು ಅಭ್ಯಾಸವಿದ್ದ ಅವಳಿಗೆ ಹಸಿ ಬೀಜ ತಂದು, ಹುರಿದು, ಪುಡಿ ಮಾಡಿ ಕಾಫಿ ಮಾಡಿಕೊಡುವ ದೃಶ್ಯವೂ ಹೀಗೇ. ಮಲೆನಾಡಿನ ಮಳೆಯಲ್ಲಿ, ಕರೆಂಟ್ ಹೋದ ಮನೆಯಲ್ಲಿ ಕೂತು ಇದನ್ನು ನೋಡಿದ ನಿಮಗೆ ಅದು ದೂರದ ದೇಶ ಅನ್ನಿಸದೇ ಇದ್ದರೆ ಆಶ್ಚರ್ಯ ಇಲ್ಲ.

ಆದರೆ ‘ನಮ್ಮವರೇ ಅನ್ನಿಸಿತು’ ಅಂದಿರಲ್ಲ, ಅದಕ್ಕೆ ಇನ್ನೂ ಒಂದು ಕಾರಣ ಇದೆ. ಕನ್ನಡ ಟೀಚರ್ ಆಗಿದ್ದ ನಿಮ್ಮ ಕಿವಿಗೆ ಅದು ಬಿದ್ದಿರುತ್ತೆ, ಇಂಗ್ಲಿಷ್ ಸಬ್‌ಟೈಟಲ್ ಓದುವ ಗಡಿಬಿಡಿಯಲ್ಲಿ ಗಮನ ಹೋಗಿರಲಿಕ್ಕಿಲ್ಲ. ಕೊರಿಯನ್ ಭಾಷೆಯಲ್ಲೂ ನಮ್ಮ ಹಾಗೇ ಸಲಿಗೆಯ ಮಾತು ಬೇರೆ, ಮರ್ಯಾದೆಯ ಮಾತು ಬೇರೆ. ನಮ್ಮ ಹಾಗೇ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ಮರ್ಯಾದೆ ಆ ಕೊನೆಯಲ್ಲೇ ಕೂತಿರುತ್ತದೆ. ನಾವು ‘ಬಾ’ ಅನ್ನೋ ಕಡೆ ಅವರು ‘ವಾ’ ಅನ್ನುತ್ತಾರೆ. ‘ಬನ್ನಿ’ ಅನ್ನೋ ಕಡೆ ‘ಒಸೆಯೊ’. ಇಂಗ್ಲಿಷ್ ಸಬ್‌ಟೈಟಲ್ ಎರಡಕ್ಕೂ ‘ಕಮ್’ ಅಂತ ಹಾಕಿ ಮುಂದೆ ಹೋಗುತ್ತದೆ. ಇಬ್ಬರ ನಡುವೆ ಆಗಷ್ಟೇ ಏನೋ ಬದಲಾಗಿರುತ್ತದೆ, ಓದುವವರಿಗೆ ಗೊತ್ತೇ ಆಗುವುದಿಲ್ಲ.

ಮರ್ಯಾದೆ ಇಲ್ಲದ, ಸಲಿಗೆಯ ಮಾತಿಗೆ ಅವರು ‘ಬನ್‌ಮಲ್’ ಅನ್ನುತ್ತಾರೆ. ‘ಬನ್’ ಅಂದರೆ ಅರ್ಧ, ‘ಮಲ್’ ಅಂದರೆ ಮಾತು. ಅರೆಮಾತು! ಮರ್ಯಾದೆಯ ಮಾತು ಬಿಟ್ಟು ಸಲಿಗೆಗೆ ಇಳಿಯುವುದಕ್ಕೆ ‘ಮಾತು ಕೆಳಗಿಡೋದು’ ಅನ್ನೋ ಅರ್ಥದ ನುಡಿಗಟ್ಟೇ ಅವರಲ್ಲಿದೆ. ಸುಮ್ನೆ ಇಳಿಯುವ ಹಾಗಿಲ್ಲ. ವಯಸ್ಸು ಕೇಳಬೇಕು, ಒಪ್ಪಿಗೆ ಕೇಳಬೇಕು. ಎಷ್ಟೋ ಸೀರಿಯಲ್‌ಗಳಲ್ಲಿ ಮೊದಲ ಮುತ್ತಿಗಿಂತ ಈ ಒಪ್ಪಿಗೆಯೇ ದೊಡ್ಡ ಘಟ್ಟ.

ಮುಂದಿನ ಸಲ ನೋಡುವಾಗ ಒಂದು ಕೆಲಸ ಮಾಡಿ. ವಾಕ್ಯದ ಕೊನೆಯಲ್ಲಿ ‘ಯೊ’ ಅಂತ ಬರುತ್ತಾ, ಕೇಳಿಸಿಕೊಳ್ಳಿ. ಸೆ ರಿ ಮಾತಿನಲ್ಲಿ ಅದು ಜಾಸ್ತಿ ಕೇಳುತ್ತದೆ. ಕ್ಯಾಪ್ಟನ್ ಮಾತು ಉತ್ತರದ ಸೈನಿಕನ ಗತ್ತಿನದು, ಬೇರೆ ಥರ. ಇಬ್ಬರು ‘ಯೊ’ ಹಚ್ಚಿಕೊಂಡೇ ಮಾತಾಡುತ್ತಾ ಬಂದು, ಒಂದು ದಿನ ಒಬ್ಬರು ಅದನ್ನು ಬಿಟ್ಟುಬಿಟ್ಟರೆ ಆಗ ಸಬ್‌ಟೈಟಲ್ ಓದಬೇಡಿ, ಎದುರಿನವರ ಮುಖ ನೋಡಿ. ‘ನೀವು’ ಹೋಗಿ ‘ನೀನು’ ಬಂದ ಹೊತ್ತು ಅದು. ಹಾಗೇ ‘ಒಪ್ಪಾ’. ಹುಡುಗಿ ತನ್ನ ಅಣ್ಣನಿಗೂ ಒಪ್ಪಾ ಅನ್ನುತ್ತಾಳೆ, ಮನಸ್ಸು ಕೊಟ್ಟವನಿಗೂ ಒಪ್ಪಾ ಅನ್ನುತ್ತಾಳೆ. ನಮ್ಮಲ್ಲಿ ಹುಡುಗಿ ಒಮ್ಮೆ ‘ಅಣ್ಣ’ ಅಂದರೆ ಆ ಬಾಗಿಲು ಮುಚ್ಚಿದ ಹಾಗೆ. ಅಲ್ಲಿ ಎಷ್ಟೋ ಸಲ ಅದೇ ಮಾತಿನಿಂದ ಬಾಗಿಲು ತೆರೆಯುತ್ತದೆ. ಅಪ್ಪನಿಗೆ ಮಾತ್ರ ಅವರೂ ‘ಅಪ್ಪಾ’ ಅಂತಲೇ ಅನ್ನುತ್ತಾರೆ. ಇಂಗ್ಲಿಷ್ ಬಾರದ ನಮ್ಮಮ್ಮ ಆ ಒಂದು ಪದ ಕೇಳಿ ಅಡುಗೆಮನೆಯಿಂದ ಬಂದು ಸೋಫಾದಲ್ಲಿ ಕೂತವರು, ಎಪಿಸೋಡ್ ಮುಗಿಯುವವರೆಗೂ ಏಳಲಿಲ್ಲ.

ಇನ್ನು ನಿಮ್ಮ ನಾದಿನಿಯ ಮಾತು. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ದುಡ್ಡಿದ್ದ ಹುಡುಗ, ಬಡ ಹುಡುಗಿ, ಅಡ್ಡ ನಿಲ್ಲುವ ಅತ್ತೆ, ಹುಡುಗಿಯ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗೋದು, ಇವೆಲ್ಲ ವರ್ಷಗಟ್ಟಲೆ ನಡೆದಿವೆ. 2009ರ ‘ಬಾಯ್ಸ್ ಓವರ್ ಫ್ಲವರ್ಸ್’ ಎಷ್ಟೋ ಜನರಿಗೆ ಕೊರಿಯಾದ ದಾರಿ ತೋರಿಸಿದ ಸೀರಿಯಲ್. ಜಪಾನಿನ ಕಾಮಿಕ್ಸ್ ಕಥೆಯಿಂದ ಮಾಡಿದ್ದು. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಶ್ರೀಮಂತ ಹುಡುಗರು ಶಾಲೆಯಲ್ಲಿ ಒಬ್ಬ ಹುಡುಗಿಯನ್ನು ಹಿಂಸೆ ಮಾಡೋದು, ಅದೇ ಆಮೇಲೆ ಪ್ರೀತಿ ಆಗೋದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅದನ್ನು ಬಿಟ್ಟು ಬೇರೆ ತೋರಿಸಿ.

ನಾದಿನಿಗೆ ನೇರವಾಗಿ ‘ರಿಪ್ಲೈ 1988’ ಹಾಕಿ. ಇಪ್ಪತ್ತು ಎಪಿಸೋಡ್, ಒಂದೊಂದೂ ಸುಮಾರು ಒಂದೂವರೆ ಗಂಟೆ. 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಅಲ್ಲಿ ಬಂದಿದ್ದು. ಸಿಯೋಲ್ ಒಲಿಂಪಿಕ್ಸ್ ನಡೆದ ವರ್ಷದಿಂದ ಶುರುವಾಗುವ ಕಥೆ. ಸ್ಸಾಂಗ್‌ಮುನ್ ಡೊಂಗ್ ಅನ್ನೋ ಬಡಾವಣೆಯ ಒಂದು ಓಣಿ, ಐದು ಮನೆ. ಯಾರೂ ಕಂಪನಿ ಒಡೆಯರಲ್ಲ. ನಾಯಕಿ ಡೊಕ್ ಸೊನ್ ಅಪ್ಪ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರೂ ಯಾರದೋ ಸಾಲಕ್ಕೆ ಜಾಮೀನು ನಿಂತು ಕೈ ಸುಟ್ಟುಕೊಂಡವನು. ಇಡೀ ಸಂಸಾರ ಅರ್ಧ ನೆಲದೊಳಗಿರುವ ಬಾಡಿಗೆ ಮನೆಯಲ್ಲಿದೆ.

ಮೊದಲ ಎಪಿಸೋಡಿನಲ್ಲೇ ಒಂದು ಸಂಜೆ ಬರುತ್ತದೆ. ಊಟದ ಹೊತ್ತು. ಒಂದು ಮನೆಯ ತಾಯಿ ಮಾಡಿದ್ದನ್ನು ಪಕ್ಕದ ಮನೆಗೆ ಕೊಟ್ಟು ಬಾ ಅಂತ ಮಗನನ್ನು ಕಳಿಸುತ್ತಾಳೆ. ಆ ಮನೆಯವರು ಬಟ್ಟಲು ಖಾಲಿ ಕೊಡುತ್ತಾರಾ? ಅವರದ್ದೂ ಒಂದು ಬರುತ್ತದೆ. ಮಕ್ಕಳು ಬಟ್ಟಲು ಹಿಡಿದು ಓಣಿಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ಕೊನೆಗೆ ಎಲ್ಲರ ಮನೆಯ ಊಟದಲ್ಲೂ ಎಲ್ಲರ ಮನೆಯ ಅಡುಗೆ ಇರುತ್ತದೆ. ನಿಮ್ಮ ನಾದಿನಿ ಇದನ್ನು ನೋಡಿ ಎದ್ದು ಹೋಗುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಅದೇ ಎಪಿಸೋಡಿನಲ್ಲಿ ಡೊಕ್ ಸೊನ್ ಹುಟ್ಟುಹಬ್ಬ. ಅಕ್ಕನ ಹುಟ್ಟುಹಬ್ಬ ಕೆಲವು ದಿನ ಮುಂಚೆ. ಒಂದೇ ಕೇಕ್, ಅಕ್ಕನಿಗೆ ಹಚ್ಚಿದ ಬತ್ತಿಯನ್ನೇ ಮತ್ತೆ ಹಚ್ಚಿ ಇವಳಿಗೆ. ಮಧ್ಯದ ಮಗು ಅವಳು. ಮೊಟ್ಟೆ ಅಕ್ಕನಿಗೆ, ತಮ್ಮನಿಗೆ, ಕೋಳಿಕಾಲೂ ಅವರಿಬ್ಬರಿಗೇ. ಅವತ್ತು ಅವಳು ಎಲ್ಲವನ್ನೂ ಹೇಳಿಕೊಂಡು ಅಳುತ್ತಾಳೆ. ಆಮೇಲೆ ಅಪ್ಪ ಬೇರೆ ಕೇಕ್ ತಂದು ಬೀದಿಯಲ್ಲಿ ಅವಳ ಪಕ್ಕ ಕೂತು, ನಾನೂ ಅಪ್ಪ ಆಗಿದ್ದು ಇದೇ ಮೊದಲು, ಹುಟ್ಟುತ್ತಲೇ ಅಪ್ಪ ಆಗಿರಲಿಲ್ಲ ಅನ್ನೋ ಅರ್ಥದ ಮಾತು ಹೇಳಿ ಕ್ಷಮೆ ಕೇಳುತ್ತಾನೆ. ನಾನು ಮೂವರ ನಡುವಿನವನು. ಆ ದೃಶ್ಯವನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಅತ್ತಿದ್ದೇನೆ.

ಇದು ಪ್ರೇಮಕಥೆ ಹೌದಾ ಅಂತ ಕೇಳಬಹುದು. ಹೌದು. ಡೊಕ್ ಸೊನ್ ಮುಂದೆ ಯಾರನ್ನು ಮದುವೆಯಾಗಿದ್ದಾಳೆ ಅನ್ನೋದನ್ನು ಕೊನೆವರೆಗೂ ಮುಚ್ಚಿಟ್ಟಿದ್ದಾರೆ. ಬಾಯಿ ಬಿಡದ ಜಂಗ್ ಹ್ವಾನಾ, ಕಪ್ಪು ಬಿಳಿ ಕಾಯಿಗಳನ್ನು ಮಣೆಯ ಮೇಲೆ ಇಟ್ಟು ಆಡುವ ‘ಬದುಕ್’ ಅನ್ನೋ ಆಟದಲ್ಲಿ ಹೆಸರು ಮಾಡಿದ, ಮನೆಯಲ್ಲಿ ಶೂ ಲೇಸ್ ಕಟ್ಟಲೂ ಬಾರದ ಟೆಕ್ಕಾ? ಆಗ ಕೊರಿಯಾದ ನೋಡುಗರೇ ಎರಡು ಪಕ್ಷವಾಗಿದ್ದರು. ನಮ್ಮ ಆಫೀಸಿನಲ್ಲೂ ಎರಡೆರಡು. ಯಾರು ಅಂತ ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಯಾರನ್ನೂ ಕೇಳಬೇಡಿ. ಆದರೆ ಆ ಓಣಿಯಲ್ಲಿ ನನ್ನ ಮನಸ್ಸು ಗೆದ್ದ ಜೋಡಿ ಬೇರೆ. ಟೆಕ್‌ನ ಅಪ್ಪ ಹೆಂಡತಿ ಕಳೆದುಕೊಂಡವನು, ಗಡಿಯಾರದ ಅಂಗಡಿ ಇಟ್ಟಿದ್ದಾನೆ, ಮಾತು ಕಡಿಮೆ. ಸೊನ್ ವೂ ಅನ್ನೋ ಹುಡುಗನ ತಾಯಿ ಗಂಡನನ್ನು ಕಳೆದುಕೊಂಡವಳು. ಇಬ್ಬರೂ ಒಂದೇ ಊರಿನವರು. ನಮ್ಮಲ್ಲಿ ‘ಪುಟ್ಟನ ಅಮ್ಮ’ ಅನ್ನುತ್ತೇವಲ್ಲ, ಹಾಗೆ ಅವಳು ಓಣಿಗೆಲ್ಲ ‘ಸೊನ್ ವೂ ಅಮ್ಮ’. ಅವನು ಅವಳನ್ನು ಅವಳ ಸ್ವಂತ ಹೆಸರು ಹಿಡಿದು ಕರೆಯುತ್ತಾನೆ. ಎಷ್ಟು ವರ್ಷದಿಂದ ಆ ಹೆಸರನ್ನು ಯಾರೂ ಕರೆದಿರಲಿಲ್ಲವೋ ಅನ್ನಿಸಿಬಿಡುತ್ತದೆ.

ನಿಮಗೆ, ಅಕ್ಕಾ, ಮೊದಲು ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’. 2025ರ ಮಾರ್ಚ್‌ನಲ್ಲಿ ಬಂತು, ವಾರಕ್ಕೆ ನಾಲ್ಕರಂತೆ ಹದಿನಾರು ಎಪಿಸೋಡ್. ಜೇಜು ದ್ವೀಪದ ಕಥೆ. ಕಡಲಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಶಂಖ, ಚಿಪ್ಪು ತರುವ ಹೆಣ್ಣುಮಕ್ಕಳ ದ್ವೀಪ ಅದು. ಅಂಥ ಒಬ್ಬ ತಾಯಿಯ ಮಗಳು ಎ ಸೂನ್‌ಗೆ ಕವಿ ಆಗೋ ಆಸೆ. ಕ್ವಾನ್ ಶಿಕ್‌ಗೆ ಅವಳ ಆಸೆ. ಸಂತೆಯಲ್ಲಿ ಅವಳು ಎಲೆಕೋಸು ಮುಂದಿಟ್ಟುಕೊಂಡು ಪುಸ್ತಕ ಓದುತ್ತಾ ಕೂತಿದ್ದರೆ ಅವನು ಪಕ್ಕದಲ್ಲಿ ನಿಂತು ಕೂಗಿ ಮಾರುತ್ತಾನೆ. ಸೀರಿಯಲ್‌ನ ಕೊರಿಯನ್ ಹೆಸರು ಜೇಜು ನುಡಿಯದು. ‘ತುಂಬಾ ಕಷ್ಟಪಟ್ಟಿರಿ’ ಅಂತ ಮನಸಾರೆ ಹೇಳುವ ಮಾತು. ಸಿಯೋಲ್‌ನವರ ಕಿವಿಗೆ ಅದೇ ಮಾತು ‘ಪೂರ್ತಿ ಮೋಸ ಹೋದೆ’ ಅನ್ನೋ ಹಾಗೆ ಕೇಳಿಸುತ್ತದೆ. ಕುಂದಾಪುರದ ಮಾತು ಬೆಂಗಳೂರಿನವರಿಗೆ ಬೇರೆ ಥರ ಕೇಳಿಸಿದ ಹಾಗೆ.

ಅದರಲ್ಲಿ ಊಟದ ಒಂದು ದೃಶ್ಯಕ್ಕೆ ಕಾಯಿರಿ. ಕ್ವಾನ್ ಶಿಕ್ ಮನೆಯಲ್ಲಿ ಗಂಡಸರ ಊಟದ ಮಣೆ ಬೇರೆ, ಹೆಂಗಸರದ್ದು ಬೇರೆ. ಒಳ್ಳೆಯದೆಲ್ಲ ಗಂಡಸರ ಕಡೆ. ಅವನು ಜಗಳ ಆಡುವುದಿಲ್ಲ, ಭಾಷಣ ಮಾಡುವುದಿಲ್ಲ. ಕೂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, ಗಂಡಸರಿಗೆ ಬೆನ್ನು ಹಾಕಿ, ಹೆಂಡತಿಯ ಕಡೆ ಮುಖ ಮಾಡಿ ಊಟ ಮಾಡುತ್ತಾನೆ. ಗಂಡಸರ ಪಂಕ್ತಿ ಏಳುವವರೆಗೂ ಕಾಯುವ ಮನೆಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ.

ಅದು ಮುಗಿದ ಮೇಲೆ ‘ಒನ್ ಸ್ಪ್ರಿಂಗ್ ನೈಟ್’, 2019ರದ್ದು. ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಡುವವನು. ಅವನಿಗೊಬ್ಬ ಪುಟ್ಟ ಮಗ, ತಾಯಿ ಜೊತೆಗಿಲ್ಲ. ಅವಳಿಗೆ ವರ್ಷಗಳಿಂದ ಜೊತೆಗಿರುವ ಗೆಳೆಯ, ಆ ಗೆಳೆಯನ ಅಪ್ಪನ ಕೈಯಲ್ಲಿ ಅವಳ ಅಪ್ಪನ ನೌಕರಿ. ನಿಧಾನವಾಗಿ ಹೋಗುತ್ತದೆ, ನನಗೆ ಅದೇ ಇಷ್ಟ. ನಾಯಕಿಯ ಅಕ್ಕನ ಸಂಸಾರದಲ್ಲಿ ಗಂಡ ಹೊಡೆಯುವ ವಿಷಯ ಬರುತ್ತದೆ. ಮೊದಲೇ ಗೊತ್ತಿರಲಿ.

‘ಕ್ರ್ಯಾಶ್ ಲ್ಯಾಂಡಿಂಗ್’ ಬರೆದ ಪಾರ್ಕ್ ಜಿ ಉನ್ ಅವರೇ 2024ರಲ್ಲಿ ‘ಕ್ವೀನ್ ಆಫ್ ಟಿಯರ್ಸ್’ ಬರೆದರು. ಅದು ವಿಚ್ಛೇದನದ ಅಂಚಿಗೆ ಬಂದ ಗಂಡ ಹೆಂಡಿರ ಕಥೆ. ಮೊದಲ ಅರ್ಧ ತುಂಬಾ ಚೆನ್ನಾಗಿದೆ. ಆಮೇಲೆ ಖಳರ ಸಂಚು ಜಾಸ್ತಿಯಾಗಿ ಗಂಡ ಹೆಂಡಿರಿಗೇ ಜಾಗ ಕಡಿಮೆಯಾಯಿತು. ಆದರೂ ನೋಡಿ. ನಾಯಕ ಯಾರು ಅಂತ ನೋಡಿ ಸೀರಿಯಲ್ ಆರಿಸಬೇಡಿ, ಬರೆದವರು ಯಾರು ಅಂತ ನೋಡಿ. ಅಲ್ಲಿ ಹೆಚ್ಚಾಗಿ ಒಬ್ಬರೇ ಕೂತು ಇಡೀ ಕಥೆ ಬರೆಯುತ್ತಾರೆ. ಎಷ್ಟೋ ಸೀರಿಯಲ್‌ಗಳು ವಾರಕ್ಕೆ ಎರಡರಂತೆ ಎಂಟು ವಾರ, ಅಲ್ಲಿಗೆ ಮುಗಿಯುತ್ತವೆ. ನಮ್ಮಲ್ಲಿ ವರ್ಷಗಟ್ಟಲೆ ಎಳೆಯಬೇಕಾದ ಬರಹಗಾರರಿಗೆ ಆ ಭಾಗ್ಯ ಇಲ್ಲ, ಪಾಪ.

ಕೊನೆಗೆ ಒಂದು. ನೀವು ನೋಡಿದ ಸೀರಿಯಲ್‌ನಲ್ಲಿ ಕಿಮ್ ಜು ಮೊಕ್ ಅನ್ನೋ ಸೈನಿಕ ನೆನಪಿದ್ದಾನಾ? ಕಾವಲು ಕಾಯಬೇಕಾದವನು ದಕ್ಷಿಣದ ಸೀರಿಯಲ್ ಕದ್ದು ನೋಡುತ್ತಾ ಅಳುತ್ತಿರುತ್ತಾನೆ, ಸೆ ರಿ ಓಡಿ ಹೋದದ್ದು ಗೊತ್ತೇ ಆಗುವುದಿಲ್ಲ. ಆಮೇಲೆ ಸೆ ರಿಗೂ ಅವನಿಗೂ ಮಾತು ಬೆಳೆಯುವುದು ಆ ಸೀರಿಯಲ್‌ಗಳಿಂದಲೇ. ನಾದಿನಿಯ ಜೊತೆ ನಿಮಗೂ ಹಾಗಾಗಲಿ ಅಂತ ನನ್ನ ಆಸೆ. ‘ರಿಪ್ಲೈ 1988’ ಹತ್ತನೇ ಎಪಿಸೋಡಿಗೆ ಬಂದಾಗ ಟಿವಿ ನಿಲ್ಲಿಸಿ, ಟೆಕ್ಕಾ ಜಂಗ್ ಹ್ವಾನಾ ಅಂತ ಅವರನ್ನು ಕೇಳಿ. ಅವರ ಉತ್ತರ ನಮಗೆ ಬರೆದು ಕಳಿಸಿ. ನಮ್ಮ ಆಫೀಸಿನಲ್ಲಿ ಈಗ ಎರಡಕ್ಕೆ ಎರಡು ನಿಂತಿದೆ. ನಾನು ಜಂಗ್ ಹ್ವಾನ್ ಕಡೆ.

ನಿಮ್ಮ ತಮ್ಮ,
ಸಂಪಾದಕ