ಬೈಯಬೇಕಾದ್ದು ಮೀಟರಿಗಲ್ಲ

ಕುಮಟಾದ ಓದುಗರೊಬ್ಬರ ಪತ್ರ ಹೀಗಿದೆ. ಆಯಿಗೆ ಸೊಂಟದ ಆಪರೇಷನ್ ಆಯ್ತು. ಆಪರೇಷನ್ ನಡೆಯುತ್ತಿರುವಾಗಲೇ ಬೆರಳು ಚುಚ್ಚಿ ನೋಡಿದಾಗ ಶುಗರ್ 208, ಅದೇ ಹೊತ್ತಿಗೆ ಲ್ಯಾಬಿಗೆ ಕಳಿಸಿದ ರಕ್ತದಲ್ಲಿ 184. "ಈ ಡಬ್ಬಾ ಮೀಟರ್ ನಂಬಿ ಇನ್ಸುಲಿನ್ ಕೊಡ್ತಾರಲ್ಲ?"

ಮಾರಾಯ್ರೆ, ಮೀಟರಿಗೆ ಅಷ್ಟು ಬೈಬೇಡಿ. ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆ ಐಎಸ್‌ಒ 2013ರಲ್ಲಿ ಇಟ್ಟ ಲೆಕ್ಕದಲ್ಲಿ, ಶುಗರ್ 100 ದಾಟಿದ ಮೇಲೆ ನೂರರಲ್ಲಿ 95 ಸಲ ಲ್ಯಾಬಿಗಿಂತ ಶೇ. 15ರಷ್ಟು ಆಚೀಚೆ ಇದ್ದರೂ ಮೀಟರ್ ಪಾಸು. ನಿಮ್ಮದು ಶೇ. 13. ಲ್ಯಾಬಿನ ಅಂಕಿಯೂ ದೇವರ ವಾಕ್ಯವಲ್ಲ. ಸಾದಾ ಟ್ಯೂಬಿನಲ್ಲಿ ರಕ್ತ ಸುಮ್ನೆ ಕೂತರೆ ಅದರ ಕಣಗಳೇ ಸಕ್ಕರೆ ತಿನ್ನುತ್ತವೆ, ಗಂಟೆಗೆ ಶೇ. 5ರಿಂದ 7.

ಆದರೆ ಆ ಶೇ. 15, ಮನೆಯಲ್ಲಿ ಕೂತು ನೋಡಿಕೊಳ್ಳುವವರಿಗೆ ಹಾಕಿದ ಲೆಕ್ಕ. ಆಪರೇಷನ್ ಥಿಯೇಟರಿನ ಕತೆಯೇ ಬೇರೆ. ರಕ್ತ ಹೋಗಿ, ಡ್ರಿಪ್ ಏರಿ, ರಕ್ತ ತೆಳ್ಳಗಾದಾಗ ಎಷ್ಟೋ ಮೀಟರುಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಬಿಪಿ ಬಿದ್ದು ಬೆರಳು ತಣ್ಣಗಾದರೆ ಆ ಹನಿಯನ್ನು ನಂಬುವ ಹಾಗಿಲ್ಲ. ಡೆಕ್ಸ್‌ಟ್ರೋಸ್ ಡ್ರಿಪ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದರಂತೂ ಮುಗೀತು, ನೀವು ಅಳೆಯುವುದು ಬಾಟಲಿಯ ಸಕ್ಕರೆಯನ್ನೇ. ಎಚ್ಚರ ಇದ್ದವರಿಗೆ ಶುಗರ್ ಇಳಿದರೆ ಕೈ ನಡುಗುತ್ತದೆ, ಬೆವರುತ್ತಾರೆ, ಒಂದು ತುಂಡು ಬೆಲ್ಲ ಕೊಡೇ ಅಂತಾರೆ. ಪೂರ್ತಿ ಅರಿವಳಿಕೆಯಲ್ಲಿ ಮಲಗಿದವರು ಏನು ಹೇಳ್ತಾರೆ? ಅಲ್ಲಿ ಸುಳ್ಳೇ ಜಾಸ್ತಿ ತೋರಿಸಿದ ಅಂಕಿಗೆ ಇನ್ಸುಲಿನ್ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆದರಬೇಕಾದ್ದು ಅದಕ್ಕೆ. ಅದಕ್ಕೇ ದೊಡ್ಡ ಆಪರೇಷನ್ನಿನಲ್ಲಿ ಬೆರಳು ಬಿಟ್ಟು ಅಪಧಮನಿಯ ರಕ್ತ ತೆಗೆದು ಎಬಿಜಿ ಮಷಿನ್‌ಗೆ (ರಕ್ತದ ಆಮ್ಲಜನಕದಂಥ ಅನಿಲಗಳ ಜೊತೆ ಸಕ್ಕರೆಯನ್ನೂ ಅಳೆಯುವ ಯಂತ್ರ) ಹಾಕುವುದು.

ಹನಿ ಎಲ್ಲಿಯದು ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನನಗೆ ಕಲಿಸಿದ್ದು ಅಂಕೋಲೆಯ ಇಶಾಡ ಮಾವು. ಕಳೆದ ಮೇ ತಿಂಗಳಲ್ಲಿ ಹಣ್ಣು ಸುಲಿದು, ಕೈಯನ್ನು ಪಂಚೆಗೆ ಒರೆಸಿಕೊಂಡು (ಹೌದು, ಪಂಚೆಗೆ) ಚುಚ್ಚಿಕೊಂಡೆ. ಇನ್ನೂ ಒಂದು ಹೋಳೂ ತಿಂದಿರಲಿಲ್ಲ, 271! ಮನೆಯವಳು ನಗುತ್ತಾ ಸೋಪು ಕೊಟ್ಟಳು. ತೊಳೆದು, ಒಣಗಿಸಿ, ಬೇರೆ ಬೆರಳು ಚುಚ್ಚಿದರೆ 139.

ಇನ್ನು ಆಯಿಯ ಲೆಕ್ಕ. ಆಪರೇಷನ್ ವೇಳೆ ಶುಗರ್ 180ರ ಒಳಗಿರಲಿ ಅಂತ ಸಾಮಾನ್ಯವಾಗಿ ನೋಡುತ್ತಾರೆ. 208 ಆಗಲಿ 184 ಆಗಲಿ, ಎರಡೂ ಗೆರೆಯಿಂದ ಮೇಲೇ. ಮುಂದಿನ ಸಲ ಡಾಕ್ಟರ ಹತ್ತಿರ ಮೀಟರ್ ಯಾವ ಕಂಪನಿಯದು ಅಂತ ಕೇಳಬೇಡಿ. ರಕ್ತ ಎಲ್ಲಿಂದ ತೆಗೆದಿರಿ, ಇನ್ಸುಲಿನ್ ಕೊಟ್ಟು ಎಷ್ಟು ಹೊತ್ತಿಗೆ ಮತ್ತೆ ನೋಡಿದಿರಿ, ಇವೆರಡು ಕೇಳಿ. ಆಯಿ ಈಗ ವಾಕರ್ ಹಿಡಿದು ಜಗಲಿವರೆಗೆ ಬರ್ತಾರೆ ಅಂತ ಬರೆದಿದ್ದೀರಿ, ಖುಷಿಯಾಯ್ತು.