ಬ್ಯಾಟರ್ಸೀ ವಿದ್ಯುತ್ ಸ್ಥಾವರದ ಚಾವಣಿ ಹೋದದ್ದು ಹೇಗೆ?

ಲಂಡನ್ನಿನ ಥೇಮ್ಸ್ ದಡದಲ್ಲಿರುವ ಬ್ಯಾಟರ್ಸೀ ವಿದ್ಯುತ್ ಸ್ಥಾವರವು ಸಂರಕ್ಷಿತ ಕಟ್ಟಡವಾಗಿದ್ದರೂ ಚಾವಣಿಯಿಲ್ಲದೆ ಏಕೆ ಪಾಳುಬಿದ್ದಿತ್ತು, ಈಗಿರುವ ನಾಲ್ಕು ಹೊಗೆಕೊಳವೆಗಳು ಹಳೆಯವೇ ಎಂದು ಕೇಳಿದ್ದೀರಿ.

ಈ ಸ್ಥಾವರ ನದಿಯನ್ನೇ ನೆಚ್ಚಿಕೊಂಡಿತ್ತು. ಕಲ್ಲಿದ್ದಲು ಹಡಗುಗಳಲ್ಲಿ ಬಂದು ಇದರ ಕಟ್ಟೆಯಲ್ಲೇ ಇಳಿಯುತ್ತಿತ್ತು. ಯಂತ್ರಗಳನ್ನು ತಂಪಾಗಿಸಲೂ ಹೊಗೆಯಲ್ಲಿನ ಗಂಧಕದ ಅಂಶವನ್ನು ತೊಳೆಯಲೂ ಥೇಮ್ಸ್ ನೀರೇ ಬಳಕೆಯಾಗುತ್ತಿತ್ತು. ಅಂದರೆ ಗಾಳಿಯ ಕೊಳೆಯ ಒಂದು ಪಾಲು ನದಿಯ ಪಾಲಾಗುತ್ತಿತ್ತು. ಮೊದಲ ಭಾಗ 1975ರಲ್ಲಿ, ಎರಡನೆಯದು 1983ರಲ್ಲಿ ಸ್ಥಗಿತಗೊಂಡವು. 1980ರಲ್ಲೇ ಸಂರಕ್ಷಿತ ಪಟ್ಟಿಗೆ ಸೇರಿದ್ದರಿಂದ ಅದನ್ನು ಕೆಡವುವಂತಿರಲಿಲ್ಲ.

ನಿಜವಾದ ಹಾನಿ ನಡೆದದ್ದು ಆ ನಂತರ. ಕಟ್ಟಡವನ್ನು ಮನರಂಜನಾ ಉದ್ಯಾನವಾಗಿಸುವ ಯೋಜನೆಯವರು ದೈತ್ಯ ಯಂತ್ರಗಳನ್ನು ಹೊರತೆಗೆಯಲೆಂದು ಚಾವಣಿಯ ಬಹುಭಾಗವನ್ನು ಕಳಚಿದರು; 1989ರಲ್ಲಿ ಹಣ ಸಾಲದೆ ಕೆಲಸ ನಿಂತಾಗ ಉಕ್ಕಿನ ಹಂದರ ಮಳೆಗಾಳಿಗೆ ಬಯಲಾಗಿಯೇ ಉಳಿಯಿತು. ಕೆಡವಬಾರದೆಂಬ ಕಾನೂನು ದುರಸ್ತಿಗೆ ಹಣ ಒದಗಿಸುವುದಿಲ್ಲವಲ್ಲ! ಮುಂದೆ ಮಾಲೀಕರು ಬದಲಾಗುತ್ತ ಹೋದರೇ ಹೊರತು, 2012ರಲ್ಲಿ ಮಲೇಷ್ಯಾದ ಹೂಡಿಕೆದಾರರು ಸುಮಾರು 40 ಕೋಟಿ ಪೌಂಡಿಗೆ ಕೊಳ್ಳುವವರೆಗೆ ಯಾವ ಯೋಜನೆಯೂ ಪೂರ್ಣಗೊಳ್ಳಲಿಲ್ಲ.

ಹೊಗೆಕೊಳವೆಗಳು ಹಳೆಯವಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದಿದ್ದರಿಂದ ನಾಲ್ಕನ್ನೂ ಇಳಿಸಿ, 2017ರ ಹೊತ್ತಿಗೆ ಅದೇ ಆಕಾರದಲ್ಲಿ ಮರಳಿ ಕಟ್ಟಲಾಯಿತು. ಇದನ್ನು ಕೆಲವರು ನಕಲು ಎಂದು ಟೀಕಿಸುತ್ತಾರಾದರೂ, ಶಿಥಿಲ ಕಾಂಕ್ರೀಟಿನ ಮಟ್ಟಿಗೆ ಇದು ಸಮಂಜಸ ನಿರ್ಧಾರವೆಂದೇ ನನ್ನ ಅಭಿಪ್ರಾಯ. 2022ರ ಅಕ್ಟೋಬರಿನಲ್ಲಿ ಕಟ್ಟಡ ಸಾರ್ವಜನಿಕರಿಗೆ ತೆರೆಯಿತು. ಈಗ ಅಲ್ಲಿ ಅಂಗಡಿಗಳು, ಕಚೇರಿಗಳು, ದುಬಾರಿ ಮನೆಗಳಿವೆ, ಒಂದು ಹೊಗೆಕೊಳವೆಯೊಳಗೆ ಪ್ರವಾಸಿಗರ ಲಿಫ್ಟ್ ಓಡುತ್ತದೆ.